ಆಟಕ್ಕುಂಟು, ಲೆಕ್ಕಕ್ಕೂ ಉಂಟು: ಮನೆಯಲ್ಲಿ ಕಟ್ಟಿದ ಒಂದು ಕೆರೆ ಆಟದ ಪ್ರಕರಣ

ಆಟ ಶುರುವಾಗಿ ಹದಿನೈದು ನಿಮಿಷವಾಗಿರಬಹುದು, ಸಣ್ಣವಳು ತನ್ನ ಕಾಯಿಯನ್ನು ಹಲಗೆಯಿಂದ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಕುಳಿತಳು. ಕಾಯಿಯ ಪಕ್ಕದಲ್ಲಿ ಎರಡು ಅಂಗಿ ಗುಂಡಿ, ಒಂದು ಬಳಪದ ಚೂರು ಇಟ್ಟು ಅವಕ್ಕೆಲ್ಲ ಮನೆ ಕಟ್ಟತೊಡಗಿದಳು. ಅವಳ ಸರದಿ ಬಂದಾಗ ನಾನು ಕರೆದೆ. ಹನ್ನೊಂದು ವರ್ಷದ ಅವಳ ಅಣ್ಣ ಕವಡೆಯಿಂದ ಕಣ್ಣೆತ್ತದೆ, “ಅವಳು ಆಟಕ್ಕುಂಟು ಲೆಕ್ಕಕ್ಕಿಲ್ಲ, ಬಿಡಿ ಅತ್ತೆ” ಎಂದ. ಉಳಿದಿಬ್ಬರಿಗೂ ಅದು ಸರಿಯೆನಿಸಿತು. ಆಟ ಮುಂದುವರಿಯಿತು.

ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳುವ ಮಗುವನ್ನು ಸುಮ್ಮನಾಗಿಸಲು ದೊಡ್ಡ ಮಕ್ಕಳು ಕಂಡುಕೊಂಡ ಉಪಾಯ ಅದು. ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದರೂ ಔಟಿಲ್ಲ, ಕಣ್ಣಾಮುಚ್ಚಾಲೆಯಲ್ಲಿ ಸಿಕ್ಕಿಬಿದ್ದರೂ ಕಳ್ಳನಾಗಬೇಕಿಲ್ಲ, ಹಾಗೆಯೇ ಗೆದ್ದರೂ ಅದು ಗೆಲುವಲ್ಲ. ನಾನು ನಾಲ್ವರಲ್ಲಿ ಕೊನೆಯವಳು. ಅಜ್ಜಿಯ ಮನೆಯ ಕೆಂಪು ನೆಲದ ಮೇಲೆ ಬಳಪದಲ್ಲಿ ಬರೆದ ಚೌಕಾಬಾರದಲ್ಲಿ ಒಮ್ಮೆ ನನ್ನ ನಾಲ್ಕೂ ಕಾಯಿಗಳು ಎಲ್ಲರಿಗಿಂತ ಮೊದಲು ಹಣ್ಣಾದವು. ಆಗ ಎರಡನೆಯವಳಾಗಿ ಬಂದ ಅಕ್ಕನನ್ನೇ ಗೆದ್ದವಳೆಂದು ಸಾರಿದರು. ಆ ನೋವು ಸಣ್ಣದೆಂದು ನಾನು ಇಂದಿಗೂ ಹೇಳಲಾರೆ.

ಐದೂವರೆ ವರ್ಷದವಳನ್ನೂ ಹನ್ನೊಂದು ವರ್ಷದವನನ್ನೂ ಒಂದೇ ಲೆಕ್ಕದಲ್ಲಿ ಕೂರಿಸುವ ಹಲಗೆ ಆಟವೊಂದನ್ನು ಮನೆಯಲ್ಲೇ ಕಟ್ಟಲು ಹೊರಟ ಪ್ರಯತ್ನದ ವಿವರ ಇಲ್ಲಿದೆ. ಬೇಸಿಗೆ ರಜೆಯಲ್ಲಿ ಶುರುವಾದ ಕೆಲಸ ದಸರೆಯವರೆಗೆ ನಡೆಯಿತು. ಐದು ರೂಪಗಳು, ಒಟ್ಟು 33 ಆಟಗಳು. ಆಡಿದವರು ಮುಖ್ಯವಾಗಿ ನಾಲ್ವರು: ಅಣ್ಣನ ಮಗ (11), ನನ್ನ ಮಗಳು (9), ಪಕ್ಕದ ಮನೆಯ ಹುಡುಗ (8), ಅಣ್ಣನ ಕಿರಿಯ ಮಗಳು (ಐದೂವರೆ). ಪ್ರತಿ ಆಟದಲ್ಲೂ ನಾನು ಒಂದು ಪುಸ್ತಕದಲ್ಲಿ ಮೂರು ಸಂಗತಿಗಳನ್ನು ಬರೆದಿಟ್ಟೆ: ಎಷ್ಟು ನಿಮಿಷವಾಯಿತು, ಯಾರು ಯಾವಾಗ ಎದ್ದುಹೋದರು, ಯಾವ ನಿಯಮವನ್ನು ಯಾರು ಮತ್ತೆ ಕೇಳಿದರು. ಆಟ ಹೇಗಿತ್ತೆಂದು ಮಕ್ಕಳನ್ನು ಕೇಳಿದರೆ “ಚೆನ್ನಾಗಿತ್ತು” ಎನ್ನುತ್ತಾರೆ. ಮಾಡಿದವಳು ಎದುರಿಗೇ ಕುಳಿತಿರುವಾಗ ಇನ್ನೇನು ಹೇಳಿಯಾರು? ಎದ್ದುಹೋದ ಹೊತ್ತು ಮಾತ್ರ ಸುಳ್ಳು ಹೇಳುವುದಿಲ್ಲ.

ಮೊದಲ ರೂಪ

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಹಾಗಾಗಿ ಮೊದಲ ಆಟದಲ್ಲಿ ಪ್ರಶ್ನೆಗಳೇ ತುಂಬಿದ್ದವು. ದಪ್ಪ ರಟ್ಟಿನ ಮೇಲೆ 64 ಮನೆಗಳ ದಾರಿ, ಹಾವು ಏಣಿಯಂತೆ ಅಲ್ಲಲ್ಲಿ ಏರುವ ಇಳಿಯುವ ಮನೆ, ನಿಂತಲ್ಲಿ ಒಂದು ಚೀಟಿ, ಚೀಟಿಯಲ್ಲಿ ಒಂದು ಪ್ರಶ್ನೆ. ಉತ್ತರ ಸರಿಯಾದರೆ ಎರಡು ಮನೆ ಮುಂದೆ, ತಪ್ಪಿದರೆ ಎರಡು ಮನೆ ಹಿಂದೆ.

ಮೊದಲ ಆಟಕ್ಕೆ 52 ನಿಮಿಷ ಹಿಡಿಯಿತು. ಒಬ್ಬರ ಸರದಿಗೆ ಸುಮಾರು 40 ಸೆಕೆಂಡು, ಅಂದರೆ ಪ್ರತಿ ಮಗುವೂ ಮತ್ತೆ ತನ್ನ ಸರದಿ ಬರುವವರೆಗೆ ಎರಡು ನಿಮಿಷ ಸುಮ್ಮನೆ ಕೂರಬೇಕಿತ್ತು. ದೊಡ್ಡವರಿಗೆ ಎರಡು ನಿಮಿಷ ಏನೂ ಅಲ್ಲ. ಓದಲು ಬಾರದ, ಐದೂವರೆ ವರ್ಷದ ಮಗುವಿಗೆ ಅದು ಒಂದು ಮಧ್ಯಾಹ್ನದಷ್ಟು ಉದ್ದ. ಎರಡನೆಯ ಆಟದ ಹೊತ್ತಿಗೆ ಅಣ್ಣನ ಮಗನಿಗೆ ಅರ್ಧ ಉತ್ತರಗಳು ಬಾಯಿಪಾಠವಾಗಿದ್ದವು. ಮೂರನೆಯ ಆಟವನ್ನು ಅವರು ನನ್ನ ಮೇಲಿನ ಪ್ರೀತಿಗೆ ಆಡಿದರು. ಆ ಮೂರೂ ಆಟಗಳಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಒಂದೇ ಸಲ, ಸಣ್ಣವಳ ಕಾಯಿ ಅಣ್ಣನ ಕಾಯಿಯನ್ನು ಕಡಿದು ಹಿಂದಕ್ಕೆ ಅಟ್ಟಿದಾಗ. ಆಗ ಅವಳು ಎರಡೂ ಕೈ ಮೇಲೆತ್ತಿ ಕುಣಿದಳು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಟ್ಟಿದ ಏಕೈಕ ಗಳಿಗೆ ಅದು. ಉಳಿದ ಹೊತ್ತೆಲ್ಲ ಅವರು ತಮ್ಮ ತಮ್ಮ ದಾರಿ ಹಿಡಿದು ನಡೆದಿದ್ದರು. ರಟ್ಟನ್ನು ಮಡಿಸಿ ಅಟ್ಟಕ್ಕೆ ಹಾಕಿದೆ.

ತಾತನ ಕೆರೆ

ಕೆರೆಯ ಯೋಚನೆ ಬಂದದ್ದು ಅಪ್ಪನಿಂದ. ಅಪ್ಪ ಅಮ್ಮ ಬೆಂಗಳೂರಿನ ಅಣ್ಣನ ಮನೆಯಲ್ಲಿದ್ದಾರೆ, ಆದರೆ ಅಪ್ಪನ ಮಾತು ಇಂದಿಗೂ ಕೋಲಾರದ ಸೀಮೆಯಲ್ಲೇ ಓಡಾಡುತ್ತಿರುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಆ ಸೀಮೆಯಲ್ಲಿ ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆಯ ಕೆಳಗೆ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ಕೋಡಿ ಹರಿದರೆ ಅದಕ್ಕೂ ಕೆಳಗಿನದಕ್ಕೆ. ಏರಿಯಲ್ಲಿ, ಅಂದರೆ ಕೆರೆಯ ಕಟ್ಟೆಯಲ್ಲಿ, ನೀರು ಬಿಡುವ ತೂಬು, ತೂಬಿನ ಕೆಳಗೆ ಆ ನೀರುಣ್ಣುವ ಗದ್ದೆಗಳ ಅಚ್ಚುಕಟ್ಟು. ಒಂದು ಸಂಜೆ ಅಪ್ಪ ಇದನ್ನೆಲ್ಲ ಮಕ್ಕಳಿಗೆ ಹೇಳುತ್ತ, ನಾಲ್ಕು ಲೋಟಗಳನ್ನು ಮೆಟ್ಟಿಲ ಮೇಲೆ ಒಂದರ ಕೆಳಗೊಂದಿಟ್ಟು ನೀರು ಹೊಯ್ದು ತೋರಿಸಿದರು. ಮೆಟ್ಟಿಲೆಲ್ಲ ಒದ್ದೆಯಾಯಿತು. ಮಕ್ಕಳು ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಸಣ್ಣವಳೂ ಏಳಲಿಲ್ಲ.

ಎರಡನೆಯ ರೂಪದಲ್ಲಿ ಮಗುವಿಗೊಂದರಂತೆ ನಾಲ್ಕು ಕೆರೆಗಳಾದವು. ಮನೆಯಲ್ಲಿದ್ದ ಹಳೆಯ ಅಳಗುಳಿ ಮಣೆಯ ಗುಳಿಗಳೇ ಕೆರೆ. ನೀರಿಗೆ ನೀಲಿ ಅಂಗಿ ಗುಂಡಿಗಳು. ದರ್ಜಿ ಸಾಮಾನಿನ ಅಂಗಡಿಯಲ್ಲಿ ಒಂದು ಗ್ರೋಸ್, ಅಂದರೆ 144, ಕೊಂಡು ತಂದೆ. ಗದ್ದೆಗಳನ್ನು ಗುರುತಿಸಲು ಅಮ್ಮ ಮಣೆಯ ಜೊತೆಗಿದ್ದ ಗುಲಗಂಜಿ ಡಬ್ಬಿಯನ್ನು ಕೊಟ್ಟರು. ಆ ಕೆಂಪು ಕಪ್ಪಿನ ಚೆಲುವಿಗೆ ನಾನೂ ಸೋತವಳೇ, ಆದರೆ ಗುಲಗಂಜಿ ವಿಷ. ಮಗು ಒಂದು ಬೀಜವನ್ನು ಅಗಿದು ನುಂಗಿದರೂ ಜೀವಕ್ಕೆ ಅಪಾಯ. ಸಣ್ಣ ಮಕ್ಕಳಿರುವ ಮನೆಯಲ್ಲಿ ಅದನ್ನು ಆಟಕ್ಕೆ ಬಳಸಬೇಡಿ. ನಾನು ಹಸಿರು ರಟ್ಟಿನ ಚೌಕಗಳನ್ನು ಕತ್ತರಿಸಿಕೊಂಡೆ.

ನಿಯಮ ಸರಳವಾಗಿತ್ತು. ನಾಲ್ಕು ಕವಡೆ ಎಸೆದು ಬಿದ್ದಷ್ಟು ಗರ ನಿನ್ನ ಕೆರೆಗೆ ನೀರು. ಮೂರು ಗುಂಡಿ ನೀರು ಬಿಟ್ಟರೆ ಒಂದು ಗದ್ದೆ. ಕೆರೆಗೆ ಎಂಟು ಗುಂಡಿಯ ಮಿತಿ, ಮಿಕ್ಕದ್ದು ಕೋಡಿಯಲ್ಲಿ ಕೆಳಗಿನವರಿಗೆ. ಮೊದಲು ಏಳು ಗದ್ದೆ ಮಾಡಿದವರು ಗೆದ್ದರು.

ಇಲ್ಲಿ ಕವಡೆಯ ಲೆಕ್ಕವನ್ನು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಚೌಕಾಬಾರದಂತೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ 16 ಎಸೆತಗಳಲ್ಲಿ ಒಂದು ನಾಲ್ಕು ಸಲ, ಎರಡು ಆರು ಸಲ, ಮೂರು ನಾಲ್ಕು ಸಲ, ಚೌಕ ಒಂದು ಸಲ, ಬಾರ ಒಂದು ಸಲ ಬೀಳಬೇಕು. ಸರಾಸರಿ ಗರ ಎರಡೂವರೆ. ದಾಳದಲ್ಲಿ ಒಂದರಿಂದ ಆರರವರೆಗೆ ಎಲ್ಲಕ್ಕೂ ಒಂದೇ ಅವಕಾಶ. ಕವಡೆಯಲ್ಲಿ ಬಹುಪಾಲು ಒಂದು, ಎರಡು, ಮೂರರ ನಿತ್ಯದ ಬದುಕು, ಅಪರೂಪಕ್ಕೊಮ್ಮೆ ಬಾರದ ಹಬ್ಬ. ಮಳೆಯ ಸ್ವಭಾವಕ್ಕೆ ಇದು ದಾಳಕ್ಕಿಂತ ಹೆಚ್ಚು ಹೊಂದುತ್ತದೆ. ನಮ್ಮ ಕವಡೆಗಳನ್ನು ಮಗಳೂ ನಾನೂ 160 ಸಲ ಎಸೆದು ನೋಡಿದೆವು. ಹತ್ತು ಸಲ ಬೀಳಬೇಕಿದ್ದ ಬಾರ 17 ಸಲ ಬಿತ್ತು. ಕವಡೆಯ ಎರಡು ಬದಿಗಳ ಆಕಾರ ಒಂದೇ ಅಲ್ಲವಲ್ಲ. ಕೊನೆಗೆ ಹುಣಸೆ ಬೀಜಗಳ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ಅವುಗಳಲ್ಲಿ ಸಮನಾಗಿ ಬೀಳುವ ನಾಲ್ಕನ್ನು ಆರಿಸಿಕೊಂಡೆವು. ಕವಡೆ ಎಂದು ಕರೆಯುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ಎರಡನೆಯ ರೂಪವನ್ನು ಐದು ಸಲ ಆಡಿದೆವು. ಏಳು ಗದ್ದೆಗೆ 21 ಗುಂಡಿ, ಸರಾಸರಿ ಎರಡೂವರೆಯಂತೆ ಎಂಟು ಒಂಬತ್ತು ಸುತ್ತು. ಲೆಕ್ಕ ಹಾಕಿದಂತೆಯೇ ನಡೆಯಿತು. ಆದರೆ ಆ ಐದು ಆಟಗಳಲ್ಲಿ ಕೋಡಿ ಹರಿದದ್ದು ಎರಡೇ ಸಲ, ಎರಡೂ ಬಾರ ಬಿದ್ದಾಗ. ಮೂರು ಗುಂಡಿ ಸೇರಿದ ಕೂಡಲೇ ಎಲ್ಲರೂ ತೂಬು ತೆರೆಯುತ್ತಿದ್ದರು, ಕೆರೆ ತುಂಬುವ ಮಾತೇ ಇರಲಿಲ್ಲ. ನಾನು ಅಷ್ಟು ಆಸೆಯಿಂದ ಬಿಡಿಸಿದ ಕೆರೆಗಳ ಸಾಲು ಬರಿಯ ಚಿತ್ರವಾಗಿ ಉಳಿಯಿತು. ಒಂದೇ ಮಣೆಯ ಮುಂದೆ ನಾಲ್ಕು ಮಕ್ಕಳು ನಾಲ್ಕು ಬೇರೆ ಬೇರೆ ಆಟ ಆಡುತ್ತಿದ್ದರು.

ಮೇಲೆ ಕುಳಿತವರು ಗೆಲ್ಲುತ್ತಾರೆ

ಮೂರನೆಯ ರೂಪದಲ್ಲಿ ಎಲ್ಲರಿಗೂ ಒಂದೇ ಮಳೆ. ಬಿದ್ದ ನೀರೆಲ್ಲ ಮೊದಲು ಮೇಲಿನ ಕೆರೆಗೆ, ಅದು ತುಂಬಿದರೆ ಕೆಳಗಿನದಕ್ಕೆ. ಸುತ್ತುಗಳಿಗೆ ಮಳೆ ನಕ್ಷತ್ರಗಳ ಹೆಸರಿಟ್ಟೆ: ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಮೇ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಎಣಿಸಿದರೆ ಹನ್ನೆರಡು. ಇಬ್ಬರು ಆಡಲಿ, ಮೂವರು ಆಡಲಿ, ನಾಲ್ವರು ಆಡಲಿ, ಹನ್ನೆರಡನ್ನು ಸಮನಾಗಿ ಹಂಚಬಹುದು. ಆಟ ಎಂದು ಮುಗಿಯುತ್ತದೆ ಎಂಬ ಕಾಟವೂ ತೀರಿತು: ಸ್ವಾತಿಯೊಂದಿಗೆ ಮಳೆಗಾಲ ಮುಗಿಯುತ್ತದೆ. ಅಮ್ಮ ಪ್ರತಿ ನಕ್ಷತ್ರಕ್ಕೂ ತಮಗೆ ತಿಳಿದ ಗಾದೆ ಹೇಳಿದರು. “ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ” ಎಂಬುದು ಮಕ್ಕಳ ಬಾಯಲ್ಲಿ ನಿಂತುಬಿಟ್ಟಿತು.

ಹನ್ನೆರಡು ಚೀಟಿಗಳಲ್ಲಿ ಮೋಡಗಳ ಚಿತ್ರ. ಎರಡರಲ್ಲಿ ಮೋಡವೇ ಇಲ್ಲ, ನಾಲ್ಕರಲ್ಲಿ ಒಂದು, ನಾಲ್ಕರಲ್ಲಿ ಎರಡು, ಎರಡರಲ್ಲಿ ಮೂರು. ಎಷ್ಟು ಮೋಡವೋ ಅಷ್ಟು ಸಲ ಕವಡೆ. ಒಟ್ಟು 18 ಎಸೆತ, ಸರಾಸರಿ 45 ಗುಂಡಿ ನೀರು. ಕೋಲಾರದ ಕಡೆ ಒಳ್ಳೆಯ ಮಳೆ ಸೆಪ್ಟೆಂಬರ್ ಅಕ್ಟೋಬರ್‌ಗೆ ಬರುವುದರಿಂದ ಮೋಡ ಕಡಿಮೆಯಿರುವ ಆರು ಚೀಟಿಗಳನ್ನು ಒಂದು ಕಟ್ಟು ಮಾಡಿ ಮೊದಲಿಗೆ, ಹೆಚ್ಚಿರುವ ಆರನ್ನು ಇನ್ನೊಂದು ಕಟ್ಟು ಮಾಡಿ ಆಮೇಲೆ ಇಟ್ಟೆ. ಕಾಯುವ ಹೊತ್ತು ಮಾಯವಾಯಿತು. ಯಾರು ಎಸೆದರೂ ಬೀಳುವುದು ಎಲ್ಲರ ಮಳೆ. ಆಟ 22 ನಿಮಿಷಕ್ಕೆ ಇಳಿಯಿತು.

ಆದರೂ ನಾಲ್ಕನೆಯ ನಕ್ಷತ್ರದ ಹೊತ್ತಿಗೆ ಸಣ್ಣವಳು ಮತ್ತೆ ಕಿಟಕಿಯ ಬಳಿಗೆ ಹೋದಳು.

ಅವಳದು ಕಡೆಯ ಕೆರೆ. ಮೇಲಿನ ಮೂರು ಕೆರೆಗಳೂ ಎಂಟೆಂಟು ಗುಂಡಿ ತುಂಬಿದ ಮೇಲೆ, ಅಂದರೆ 24 ಗುಂಡಿಯ ನಂತರ, ಅವಳಿಗೆ ಮೊದಲ ಹನಿ. ಮೇಲಿನವರು ತಮ್ಮ ತೂಬು ತಾವೇ ತೆರೆದು ಗದ್ದೆ ಮಾಡಿಕೊಳ್ಳುತ್ತಿದ್ದುದರಿಂದ ಅವು ತುಂಬುವ ದಿನವೇ ಬರಲಿಲ್ಲ. ನಾಲ್ಕು ಆಟಗಳಲ್ಲಿ ಕಡೆಯ ಕೆರೆಗೆ ತಲುಪಿದ್ದು ಒಟ್ಟು ಐದು ಗುಂಡಿ. ನಾಲ್ಕರಲ್ಲೂ ಗೆದ್ದದ್ದು ಮೇಲಿನ ಕೆರೆ. ನನ್ನ ಮಗಳು ಇದನ್ನು ನನಗಿಂತ ಬೇಗ ಕಂಡುಹಿಡಿದಳು: “ಆಟ ಆಡುವುದೇ ಬೇಡ ಅಮ್ಮ, ಮೇಲೆ ಕೂರುವವರು ಯಾರು ಅಂತ ಒಂದು ಸಲ ಕವಡೆ ಹಾಕಿದರೆ ಸಾಕು.”

ಅದಕ್ಕಿಂತ ಕಟುವಾದ, ಅದಕ್ಕಿಂತ ಉಪಯೋಗಕ್ಕೆ ಬಂದ ಟೀಕೆಯನ್ನು ಈ ಆಟದ ಬಗ್ಗೆ ಬೇರೆ ಯಾರೂ ಮಾಡಲಿಲ್ಲ.

ನೀರಗಂಟಿ

ಅಪ್ಪನ ಬಳಿ ಹೋಗಿ ಕೇಳಿದೆ, ಊರಲ್ಲಿ ಕೊನೆಯ ಗದ್ದೆಯವನಿಗೆ ನೀರು ಹೇಗೆ ಸಿಗುತ್ತಿತ್ತು? “ತೂಬು ಮುಟ್ಟುವ ಹಕ್ಕು ಗದ್ದೆಯವನಿಗೆ ಎಲ್ಲಿತ್ತು? ನೀರಗಂಟಿ ತೆರೆಯಬೇಕು, ನೀರಗಂಟಿ ಮುಚ್ಚಬೇಕು” ಎಂದರು. ನೀರು ಕಡಿಮೆಯಾದ ವರ್ಷ ಯಾರಿಗೆ ಯಾವಾಗ ಎಷ್ಟು ಎಂದು ಸರದಿ ಗೊತ್ತುಮಾಡುವವನೂ ಅವನೇ. ರಾತ್ರಿ ಲಾಟೀನು ಹಿಡಿದು, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಕಾಲುವೆಯ ಕೊನೆಯವರೆಗೂ ನಡೆಯುತ್ತಿದ್ದನಂತೆ. ಸುಗ್ಗಿಯಲ್ಲಿ ಎಲ್ಲ ಗದ್ದೆಯವರೂ ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು.

ಎಷ್ಟೋ ವಾರಗಳಿಂದ ಸಿಕ್ಕದ ತುದಿ ಇದೇ ಎಂದು ನನಗೆ ಅನ್ನಿಸಿತು. ನಾಲ್ಕನೆಯ ರೂಪದಲ್ಲಿ ಮಕ್ಕಳಿಂದ ತೂಬಿನ ಹಕ್ಕನ್ನು ಕಿತ್ತುಕೊಂಡೆ. ಚನ್ನಪಟ್ಟಣದ ಅರಗಿನ ಬಣ್ಣದ ಒಂದು ಪುಟ್ಟ ಮರದ ಗೊಂಬೆ ಮನೆಯಲ್ಲಿತ್ತು, ಅದೇ ನೀರಗಂಟಿ. ಗೊಂಬೆ ಯಾರ ಕೈಯಲ್ಲಿದೆಯೋ ಅವರು ಆ ನಕ್ಷತ್ರದಲ್ಲಿ ಕವಡೆ ಎಸೆಯುತ್ತಾರೆ, ಅವರೇ ತೂಬು ತೆರೆಯುತ್ತಾರೆ. ಹೆಚ್ಚೆಂದರೆ ಎರಡು ತೂಬು, ಯಾವ ಕೆರೆಯದಾದರೂ ಸರಿ. ಆಮೇಲೆ ಗೊಂಬೆ ಪಕ್ಕದವರಿಗೆ. ಮೊದಲ ನೀರಗಂಟಿ ಎಲ್ಲರಿಗಿಂತ ಕಿರಿಯರು. ಸ್ವಾತಿ ಮುಗಿದ ಮೇಲೆ ಸುಗ್ಗಿ, ಆಗ ಕೆರೆಗಳಲ್ಲಿ ಉಳಿದ ನೀರಿನಿಂದ ಆದಷ್ಟು ಗದ್ದೆ ಮಾಡಿಕೊಳ್ಳಬಹುದು. ಕೆರೆಯ ಮಿತಿಯನ್ನು ಎಂಟರಿಂದ ಆರಕ್ಕೆ ಇಳಿಸಿದೆ. ಮೇಲಿನ ಮೂರು ತುಂಬಲು ಈಗ 18 ಗುಂಡಿ ಸಾಕು, ಕಡೆಯ ಕೆರೆಗೆ ನೀರು ಬರುವ ದಾರಿ ತೆರೆಯಿತು.

ಗೆಲುವಿನ ಲೆಕ್ಕವನ್ನೂ ಬದಲಿಸಿದೆ. ಯಾವ ಕೆರೆಗೆ ಅತಿ ಕಡಿಮೆ ಗದ್ದೆಗಳಿವೆಯೋ ಅದೇ ಎಲ್ಲರ ಲೆಕ್ಕ. ಮೂರು ಕೆರೆಗಳಲ್ಲಿ ಐದೈದು ಗದ್ದೆಯಿದ್ದು ಒಂದರಲ್ಲಿ ಒಂದೇ ಇದ್ದರೆ ಊರಿಗೆಲ್ಲ ಒಂದು. ನಾಲ್ಕೂ ಕೆರೆಗಳಲ್ಲಿ ಮೂರು ಮೂರು ಗದ್ದೆಯಾದರೆ ಎಲ್ಲರೂ ಗೆದ್ದರು. ಅದಕ್ಕೆ ಬೇಕಾದದ್ದು 36 ಗುಂಡಿ, ಬೀಳುವುದು ಸರಾಸರಿ 45. ಪೋಲು ಮಾಡಲು ಜಾಗ ಕಡಿಮೆ. ಕಡಿಮೆಯಿರುವುದನ್ನೇ ಎಣಿಸುವ ಇಂಥ ಲೆಕ್ಕವನ್ನು ಹಲಗೆ ಆಟಗಳನ್ನು ರೂಪಿಸುವ ಜರ್ಮನಿಯ ರೈನರ್ ಕ್ನಿಜಿಯಾ 1997ರಲ್ಲಿ ಬಂದ ತಮ್ಮ ನದಿ ನಾಗರಿಕತೆಯ ಆಟದಲ್ಲಿ ಬಳಸಿದ್ದಾರೆ, ಆದರೆ ಅಲ್ಲಿ ಒಬ್ಬೊಬ್ಬ ಆಟಗಾರನಿಗೂ ಅವನದೇ ಲೆಕ್ಕ. ನಾನು ಅದನ್ನು ಇಡೀ ಊರಿಗೆ ಅನ್ವಯಿಸಿದೆ.

ನಿಯಮ ಕೇಳಿ ಅಣ್ಣನ ಮಗನ ಮುಖ ಇಳಿಯಿತು. “ಹಾಗಾದರೆ ನಾನು ಗೆಲ್ಲುವುದು ಯಾವಾಗ ಅತ್ತೆ?” ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆ. ಗೆಲ್ಲುವ ಹಂಬಲ ಮಕ್ಕಳ ತಪ್ಪೆಂದು ನಾನು ಎಣಿಸುವುದಿಲ್ಲ, ಸಣ್ಣವಳಿಗೆ ಜಾಗ ಮಾಡಲು ದೊಡ್ಡವನ ಜಾಗ ಕಿತ್ತುಕೊಂಡರೆ ಕೆಲಸ ಅರ್ಧವಾದಂತೆ. ಪ್ರತಿ ಆಟದ ಲೆಕ್ಕವನ್ನು ಬರೆದಿಡುವ ಶಾನುಭೋಗಿಕೆಯನ್ನು ಅವನಿಗೆ ಕೊಟ್ಟೆ. ಒಂದು ವಾರದಲ್ಲಿ ಅವನೇ ಬಂದು, ಮೂರು ಗೆದ್ದಾದ ಮೇಲೆ ನಾಲ್ಕು ಗದ್ದೆಯ ಗುರಿ ಇಡಬಹುದೇ ಎಂದು ಕೇಳಿದ. ನಾಲ್ಕಕ್ಕೆ 48 ಗುಂಡಿ ಬೇಕು, ಸರಾಸರಿ ಮಳೆಗಿಂತ ಹೆಚ್ಚು. ಬಾರ ಬಿದ್ದ ವರ್ಷ ಮಾತ್ರ ಸಾಧ್ಯ ಎಂದೂ ಅವನೇ ಲೆಕ್ಕ ಹಾಕಿ ಹೇಳಿದ.

ಏರಿ ಒಡೆಯುವ ನಿಯಮ ಪಕ್ಕದ ಮನೆಯ ಹುಡುಗನದು. “ಇಷ್ಟು ಮಳೆ ಬಂದರೂ ಏರಿ ಒಡೆಯುವುದಿಲ್ಲವಾ ಆಂಟಿ?” ಎಂದು ಅವನು ಕೇಳಿದ್ದರಿಂದ ಬಂತು. ತುಂಬಿದ ಮೇಲಿನ ಕೆರೆಗೆ ಬಾರ ಬಿದ್ದರೆ ಏರಿ ಒಡೆದು ಇದ್ದ ನೀರೆಲ್ಲ ಕೆಳಗೆ ನುಗ್ಗುತ್ತದೆ, ಆ ಕೆರೆಯ ಒಂದು ಗದ್ದೆ ಕೊಚ್ಚಿಹೋಗುತ್ತದೆ. ಕೆಳಗಿನದೂ ತುಂಬಿದ್ದರೆ ಅದೂ ಒಡೆಯುತ್ತದೆ. 18 ಎಸೆತಗಳಲ್ಲಿ ಒಂದಾದರೂ ಬಾರ ಬೀಳುವ ಸಾಧ್ಯತೆ ಸುಮಾರು ನೂರಕ್ಕೆ 69, ಅಂದರೆ ಮೂರು ಆಟಗಳಲ್ಲಿ ಎರಡರಲ್ಲಿ ಆ ಭಯ ನಿಜವಾಗಬಹುದು. ಮೇಲಿನ ಕೆರೆ ತುಂಬಿರಬೇಕು, ಇಲ್ಲದಿದ್ದರೆ ಕೋಡಿ ಹರಿಯುವುದಿಲ್ಲ. ತುಂಬಿದ್ದರೆ ಏರಿಗೆ ಅಪಾಯ. ನೀರಗಂಟಿಗೆ ಯೋಚಿಸಲು ಕೊನೆಗೂ ನಿಜವಾದ ಸಂಗತಿಯೊಂದು ಸಿಕ್ಕಿತು.

ಬೆರಳು ತೋರಿಸುವ ಅಣ್ಣ

ಇಷ್ಟಾದರೂ ಪುಸ್ತಕದ ಬರಹ ಬೇರೆ ಕಥೆ ಹೇಳುತ್ತಿತ್ತು. ನಾಲ್ಕನೆಯ ರೂಪದ ಆರು ಆಟಗಳಲ್ಲಿ ಗೊಂಬೆ ಸಣ್ಣವಳ ಕೈಗೆ 18 ಸಲ ಬಂತು. ಯಾವ ತೂಬು ತೆರೆಯಬೇಕೆಂದು ಅವಳೇ ನಿರ್ಧರಿಸಿದ್ದು ನಾಲ್ಕು ಸಲ. ಉಳಿದ 14 ಸಲ ಅಣ್ಣನ ಬೆರಳು ಮೊದಲೇ ಮಣೆಯ ಮೇಲಿತ್ತು: “ಇದು ತೆಗಿ, ಆಮೇಲೆ ಇದು.” ಅವನು ಹೇಳುತ್ತಿದ್ದುದು ಬಹುಮಟ್ಟಿಗೆ ಸರಿಯೇ. ಎಲ್ಲರೂ ಸೇರಿ ಗೆಲ್ಲುವ ಆಟಗಳಲ್ಲೆಲ್ಲ ಚುರುಕಾದ ಒಬ್ಬರು ಯಜಮಾನಿಕೆ ವಹಿಸಿಕೊಳ್ಳುವ ತೊಂದರೆ ಇದೆ. ಎಲ್ಲರಿಗೂ ಎಲ್ಲವೂ ಕಾಣುವಾಗ ಹೆಚ್ಚು ತಿಳಿದವನು ಸುಮ್ಮನಿರಬೇಕೇಕೆ? ಮಾತನಾಡಬಾರದು ಎಂಬ ನಿಯಮ ಮಾಡಿ ನೋಡಿದೆ. ಬೆರಳಿನ ಬದಲು ಹುಬ್ಬು, ಕೆಮ್ಮು ಶುರುವಾದವು. ಒಂದೇ ಆಟಕ್ಕೆ ಅದನ್ನು ಕೈಬಿಟ್ಟೆ.

ಐದನೆಯ ರೂಪದಲ್ಲಿ ಬದಲಾದದ್ದು ಒಂದೇ ನಿಯಮ. ತೂಬು ತೆರೆಯುವ ಮೊದಲು ನೀರಗಂಟಿ ಮಾತ್ರ ಬರಲಿರುವ ಮಳೆಯ ಚೀಟಿಯನ್ನು ಎತ್ತಿ ನೋಡಬಹುದು. ನೋಡಿದ್ದನ್ನು ಹೇಳುವಂತಿಲ್ಲ. ತೂಬಿನ ಕೆಲಸ ಮುಗಿದ ಮೇಲೆ ಚೀಟಿ ಮಗುಚಿ, ಮೋಡದಷ್ಟು ಸಲ ಕವಡೆ.

ಮೋಡ ಎಣಿಸಲು ಓದು ಬರಬೇಕಿಲ್ಲ. ದೊಡ್ಡ ಮಳೆಯ ಚೀಟಿ ಮೊದಲ ಸಲ ಕೈಗೆ ಬಂದಾಗ ಸಣ್ಣವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೂರು ಮೋಡವೆಂದು ಇಡೀ ಕೋಣೆಗೆ ತಿಳಿಯಿತು. ಅಣ್ಣ ಎಂದಿನಂತೆ ಬೆರಳು ಚಾಚಿದವನು ಅರ್ಧದಲ್ಲೇ ತಡೆದು, “ನಿನಗೆ ಏನನ್ನಿಸುತ್ತೆ?” ಎಂದು ಕೇಳಿದ. ಆ ಪ್ರಶ್ನೆಯನ್ನು ನಾನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಅವಳು ಮೇಲಿನ ಕೆರೆಯ ತೂಬನ್ನೂ ಎರಡನೆಯದರ ತೂಬನ್ನೂ ತೆರೆದು ಏರಿ ಉಳಿಸಿದಳು. ಮೂರನೆಯ ಆಟದ ಹೊತ್ತಿಗೆ ಅವಳು ಮೋಡವೇ ಇಲ್ಲದ ಚೀಟಿಗೂ ಬಾಯಿ ಮುಚ್ಚಿಕೊಳ್ಳಲು ಕಲಿತಿದ್ದಳು, ಯಾರಿಗೂ ಏನೂ ತಿಳಿಯದಂತೆ. ಐದನೆಯ ರೂಪದಲ್ಲಿ ಅವಳು ಆಟದ ನಡುವೆ ಒಮ್ಮೆಯೂ ಎದ್ದುಹೋಗಲಿಲ್ಲ. ಕಡೆಯ ಕೆರೆ ಅವಳದೇ ಆಗಿದ್ದಾಗಲಂತೂ ಉಳಿದ ಮೂವರ ಕಣ್ಣೂ ಅದರ ಮೇಲೆಯೇ ಇರುತ್ತಿತ್ತು, ಏಕೆಂದರೆ ಊರಿನ ಲೆಕ್ಕವೆಲ್ಲ ಅಲ್ಲಿತ್ತು.

ಕೋಡಿಯೋ, ಕೊಡಿಯೋ

ನಮ್ಮ ಮಕ್ಕಳಿಗೆ ನಿಯಮಗಳು ರಕ್ತಗತವಾಗಿದ್ದವು. ನಾನಿಲ್ಲದೆ, ಬರೆದ ಹಾಳೆಯೊಂದರಿಂದಲೇ ಬೇರೆಯವರು ಆಡಬಲ್ಲರೇ ಎಂದು ನೋಡಬೇಕಿತ್ತು. ಗೆಳತಿಯೊಬ್ಬಳ ಅಪಾರ್ಟ್‌ಮೆಂಟಿನಲ್ಲಿ ಏಳರಿಂದ ಹತ್ತು ವರ್ಷದ ನಾಲ್ವರು ಮಕ್ಕಳ ಮುಂದೆ ಡಬ್ಬಿ ಇಟ್ಟು, ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟು ಮೂಲೆಯಲ್ಲಿ ಕುಳಿತೆ. ಆಟ ಕಟ್ಟುವವರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ, ಇದಕ್ಕಿಂತ ಹೆಚ್ಚು ಕಲಿಸುವುದೂ ಇನ್ನೊಂದಿಲ್ಲ.

ಹಾಳೆಯಲ್ಲಿ ನಾನು “ಆರಕ್ಕಿಂತ ಹೆಚ್ಚಾದರೆ ಕೋಡಿ” ಎಂದು ಬರೆದಿದ್ದೆ. ಗಟ್ಟಿಯಾಗಿ ಓದಿದ ಹುಡುಗಿ ಅದನ್ನು “ಕೊಡಿ” ಎಂದು ಓದಿದಳು. ಕೋಡಿ ಎಂಬ ಪದವನ್ನೇ ಅವರು ಕೇಳಿರಲಿಲ್ಲ. ಹಾಗಾಗಿ ಕೆರೆ ತುಂಬಿದಾಗಲೆಲ್ಲ ಮಿಕ್ಕ ಗುಂಡಿಗಳನ್ನು ತಮಗೆ ಬೇಕಾದವರಿಗೆ ಕೊಡತೊಡಗಿದರು, ಕೆಳಗಿನ ಕೆರೆಯ ನೀರು ಮೇಲಕ್ಕೂ ಹೋಯಿತು. ಆಟ ನಡೆದೇ ನಡೆಯಿತು, ಮಕ್ಕಳು ಸಂತೋಷವಾಗಿಯೇ ಇದ್ದರು. ಅದನ್ನೇ ನಿಯಮ ಮಾಡಿಬಿಡೋಣವೇ ಎಂದು ಎರಡು ದಿನ ಯೋಚಿಸಿದೆ. ಆದರೆ ನೀರು ಮೇಲಕ್ಕೆ ಹರಿಯುವ ಕೆರೆ ಆಟವನ್ನು ಅಪ್ಪನ ಮುಂದೆ ಇಡಲು ಮನಸ್ಸು ಒಪ್ಪಲಿಲ್ಲ. ಹಾಳೆಯನ್ನು ಹರಿದು ಹೊಸದಾಗಿ ಬರೆದೆ. ಈಗ ಅದರಲ್ಲಿ ಹನ್ನೊಂದು ಸಾಲುಗಳು, ಐದು ಚಿತ್ರಗಳು. ಏರಿ, ತೂಬು, ಕೋಡಿಗಳಿಗೆ ಬಾಣದ ಗುರುತು. ಊರಿನ ಹೆಸರುಗಳೂ ಇವೆ: ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಎಂಬ ಕೆರೆಯ ಅಂಗಳದಲ್ಲಿ ಎಂಬುದನ್ನು ನಗರದ ಮಕ್ಕಳು ನಂಬುವುದೇ ಇಲ್ಲ.

ಅಂದು ಏಳು ವರ್ಷದ ಹುಡುಗನೊಬ್ಬ ಇನ್ನೊಂದು ಪ್ರಶ್ನೆ ಎತ್ತಿದ್ದ. ಮಳೆ ಮೇಲಿನ ಕೆರೆಗೆ ಮಾತ್ರ ಏಕೆ ಬೀಳುತ್ತದೆ, ಉಳಿದ ಕೆರೆಗಳಿಗೆ ಆಕಾಶ ಇಲ್ಲವೇ? ನಿಜವೇ. ನಾನಾಗಲಿ ನಮ್ಮ ಮಕ್ಕಳಾಗಲಿ ಅದನ್ನು ಯೋಚಿಸಿರಲಿಲ್ಲ. ಪ್ರತಿ ನಕ್ಷತ್ರಕ್ಕೂ ಎಲ್ಲ ಕೆರೆಗಳಿಗೆ ಒಂದೊಂದು ಗುಂಡಿ ಕೊಟ್ಟರೆ 48 ಗುಂಡಿ ಹೆಚ್ಚಾಗಿ ಆಟದ ಬಿಗಿಯೇ ಕಳಚಿಹೋಗುತ್ತದೆ. ಮೂರು ಮೋಡದ ಎರಡು ಚೀಟಿಗಳಿಗೆ ಮಾತ್ರ ಆ ನಿಯಮ ಸೇರಿಸಿದೆ, ಒಟ್ಟು ಎಂಟು ಗುಂಡಿ. ಅದಕ್ಕೆ ಮೊದಲು ಐದನೆಯ ರೂಪದ ಏಳು ಆಟಗಳಲ್ಲಿ ಗೆದ್ದದ್ದು ಎರಡು. ಸೇರಿಸಿದ ಮೇಲೆ ಎಂಟರಲ್ಲಿ ನಾಲ್ಕು. ಅರ್ಧ ಗೆಲುವು ಅರ್ಧ ಸೋಲು ಎಂಬುದು ನಾನು ಬಯಸಿದ ಅಳತೆ. ಸೋತಾಗಲೂ “ಇನ್ನೊಂದೇ ಗದ್ದೆ ಬೇಕಿತ್ತು” ಎಂಬ ಮಾತು ಬರುತ್ತದೆ, ಆ ಮಾತಿನ ಬೆನ್ನಿಗೇ ಗುಂಡಿಗಳು ಮತ್ತೆ ಡಬ್ಬಿಗೆ ಬೀಳುವ ಸದ್ದು ಕೇಳುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ, ಅಂಗಡಿಯಲ್ಲಿ ಬೇಕಾದಷ್ಟು ಆಟ ಸಿಗುತ್ತವೆ ಎಂದು ಅಣ್ಣ ಒಮ್ಮೆ ಕೇಳಿದ. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕುಳಿತು ಹೊಸ ಹೊಸ ಹಲಗೆ ಆಟಗಳನ್ನು ತಾವೇ ರೂಪಿಸುತ್ತಿದ್ದರು ಎಂದು ನೆನಪಿಸಿದೆ. ಖರ್ಚಿನ ಮಾತು ಬಂದಾಗ ಲೆಕ್ಕ ತೋರಿಸಿದೆ: ದುಡ್ಡು ಕೊಟ್ಟು ತಂದದ್ದು ಗುಂಡಿ ಮತ್ತು ರಟ್ಟು ಮಾತ್ರ. ಕೊಂಡ 144 ಗುಂಡಿಗಳಲ್ಲಿ ಆಟಕ್ಕೆ ಬೇಕಾದದ್ದು 80. ಉಳಿದವು ಸಣ್ಣವಳ ಗೊಂಬೆ ಮನೆಗೆ ಹೋಗಿವೆ.

ಬಗೆಹರಿಯದೆ ಉಳಿದದ್ದು ಮೂವರ ಆಟ. ಪಕ್ಕದ ಮನೆಯ ಹುಡುಗ ಊರಿಗೆ ಹೋದ ವಾರ ನಾಲ್ಕನೆಯ ಕೆರೆಗೆ ಒಡೆಯರಿಲ್ಲದಾಯಿತು. ಒಂದು ಕೆರೆ ತೆಗೆದರೆ 27 ಗುಂಡಿಗೇ ಗೆಲುವು, ಆಟ ತೀರಾ ಸಲೀಸು. ಇಟ್ಟುಕೊಂಡರೆ ಅದರ ಗದ್ದೆ ಯಾರದು ಎಂಬ ಜಗಳ. ಇದನ್ನೇ ಮಾತನಾಡುತ್ತಿದ್ದಾಗ ಸಣ್ಣವಳು, ಆ ಕೆರೆಗೆ ಗದ್ದೆಯೇ ಬೇಡ, ಅದು ದನಕ್ಕೂ ಹಕ್ಕಿಗೂ ಇರಲಿ, ಸ್ವಾತಿ ಮುಗಿದಾಗ ಅದರಲ್ಲಿ ನೀರು ಉಳಿದಿದ್ದರೆ ಸಾಕು ಎಂದಳು. ಎಷ್ಟು ಉಳಿದಿರಬೇಕೆಂದು ಅವಳ ಅಣ್ಣ ಕೇಳಿದ. ಅವಳು ಸ್ವಲ್ಪ ಹೊತ್ತು ಯೋಚಿಸಿ ಐದು ಎಂದಳು, ಅವನು ಬರೆದುಕೊಂಡ. ಈ ಶನಿವಾರ ಆಡಿ ನೋಡುತ್ತೇವೆ.